ಒಂದು ಬುಟ್ಟಿ ಮಣ್ಣಿನ ಭೌತಶಾಸ್ತ್ರ



ತೊಗರಿ ರಾಶಿ ಮುಗಿದು ಹೊಲ ಬರಿದಾಗುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮಣ್ಣಿನ ಕೆಲಸ ಶುರುವಾಗುತ್ತದೆ. ಕೃಷಿ ಹೊಂಡ ತೋಡುವುದು, ಬದು ಹಾಕುವುದು, ಕೆರೆಯ ಹೂಳು ತೆಗೆಯುವುದು, ಎಲ್ಲ ಕಡೆಯೂ ರೀತಿ ಒಂದೇ. ಒಬ್ಬರು ಗುದ್ದಲಿಯಿಂದ ಅಗೆಯುತ್ತಾರೆ, ಇನ್ನೊಬ್ಬರು ಸಲಿಕೆಯಿಂದ ಬುಟ್ಟಿ ತುಂಬುತ್ತಾರೆ, ಮತ್ತೊಬ್ಬರು, ಹೆಚ್ಚಾಗಿ ಹೆಣ್ಣುಮಕ್ಕಳು, ತಲೆಗೆ ಸಿಂಬಿ ಇಟ್ಟುಕೊಂಡು ಬುಟ್ಟಿ ಹೊತ್ತು ಗುಂಡಿಯಿಂದ ಮೇಲೇರಿ, ದಂಡೆಯ ಆಚೆ ನಡೆದು ಮಣ್ಣು ಸುರಿದು ಬರುತ್ತಾರೆ. ಇದೇ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ಓದುತ್ತಾರೆ. ತಲೆಯ ಮೇಲೆ ಭಾರ ಹೊತ್ತು ಸಮತಟ್ಟಾದ ನೆಲದಲ್ಲಿ ನಡೆದರೆ ಆಗುವ ಕೆಲಸ ಸೊನ್ನೆ ಎಂದು ಅಲ್ಲಿ ಕಲಿಯುತ್ತಾರೆ. ದಿನವಿಡೀ ಮಣ್ಣು ಹೊತ್ತು ಬಂದ ತಾಯಿಯ ಮಗು ಈ ವಾಕ್ಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ಅಂಕವೇನೋ ಸಿಗುತ್ತದೆ. ಆದರೆ ವಿಜ್ಞಾನಕ್ಕೂ ತನ್ನ ಮನೆಯ ದುಡಿಮೆಗೂ ಸಂಬಂಧವಿಲ್ಲ ಎಂಬ ಭಾವನೆ ಅದರ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಆ ಭಾವನೆ ತಪ್ಪು ಎಂಬುದೇ ಈ ಭಾಷಣದ ವಾದ. ವಿಜ್ಞಾನದ ವ್ಯಾಖ್ಯೆಯಲ್ಲಿ ದೋಷವಿಲ್ಲ. ನಾವು ಅದನ್ನು ಬುಟ್ಟಿಗೆ ಮಾತ್ರ ಅನ್ವಯಿಸಿ, ಹೊತ್ತವರಿಗೆ ಅನ್ವಯಿಸದೆ ಬಿಟ್ಟಿದ್ದೇವೆ. ಲೆಕ್ಕವನ್ನು ಕೊನೆಯವರೆಗೂ ಮಾಡಿದರೆ ಅದೇ ವ್ಯಾಖ್ಯೆ ದುಡಿಯುವವರ ದಣಿವಿಗೆ ಸಾಕ್ಷಿ ಹೇಳುತ್ತದೆ, ಕೂಲಿಯ ಅಳತೆಯಲ್ಲಿ ಎಲ್ಲಿ ಅನ್ಯಾಯವಿದೆ ಎಂಬುದನ್ನೂ ತೋರಿಸುತ್ತದೆ.

ಮೊದಲು ವ್ಯಾಖ್ಯೆಯನ್ನು ನೋಡೋಣ. ಒಂದು ವಸ್ತುವಿನ ಮೇಲೆ ಬಲ ಪ್ರಯೋಗವಾಗಿ, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದರೆ, ಬಲವನ್ನು ಸರಿದ ದೂರದಿಂದ ಗುಣಿಸಿದಾಗ ಸಿಗುವುದೇ ಕೆಲಸ. ಬಲವನ್ನು ನ್ಯೂಟನ್‌ನಲ್ಲೂ ದೂರವನ್ನು ಮೀಟರಿನಲ್ಲೂ ಹಿಡಿದರೆ ಉತ್ತರ ಜೌಲ್‌ನಲ್ಲಿ ಬರುತ್ತದೆ. 1 ಕಿಲೋಗ್ರಾಂ ವಸ್ತುವನ್ನು ಭೂಮಿ ಸುಮಾರು 9.8 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತದೆ. ಆದ್ದರಿಂದ ಅದನ್ನು 1 ಮೀಟರ್ ಮೇಲೆತ್ತಲು 9.8 ಜೌಲ್ ಕೆಲಸ ಬೇಕು. ಬಲ ಒಂದು ದಿಕ್ಕಿಗೆ, ಚಲನೆ ಇನ್ನೊಂದು ದಿಕ್ಕಿಗೆ ಇದ್ದರೆ ಎರಡರ ನಡುವಿನ ಕೋನವೂ ಲೆಕ್ಕಕ್ಕೆ ಬರುತ್ತದೆ. ಎರಡೂ ಒಂದೇ ದಿಕ್ಕಾದರೆ ಪೂರ್ತಿ ಗುಣಲಬ್ಧ, 60 ಡಿಗ್ರಿ ಓರೆಯಾದರೆ ಅದರ ಅರ್ಧ, 90 ಡಿಗ್ರಿಯಾದರೆ ಸೊನ್ನೆ, ಎದುರುಬದುರಾದರೆ ಋಣ ಸಂಖ್ಯೆ. ತಲೆಯ ಮೇಲಿನ ಬುಟ್ಟಿಯನ್ನು ಹೊತ್ತವರ ಬಲ ನೇರ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ಬುಟ್ಟಿ ಚಲಿಸುವುದು ಅಡ್ಡಕ್ಕೆ. ಕೋನ 90 ಡಿಗ್ರಿ. ಅದಕ್ಕೇ ಸೊನ್ನೆ. ಗಮನಿಸಬೇಕಾದದ್ದು ಇಷ್ಟೇ: ಈ ಸೊನ್ನೆ ಒಂದು ಬಲದ ಬಗ್ಗೆ, ಒಂದು ವಸ್ತುವಿನ ಬಗ್ಗೆ ಹೇಳಿದ ಮಾತು. ಬುಟ್ಟಿಗೆ ಎಷ್ಟು ಶಕ್ತಿ ಸೇರಿತು ಎಂಬ ಪ್ರಶ್ನೆಗೆ ಉತ್ತರ ಸೊನ್ನೆ. ಹೊತ್ತವರ ಮೈಯಿಂದ ಎಷ್ಟು ಶಕ್ತಿ ಹೋಯಿತು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಿಯೇ ಇಲ್ಲ.

ನೆಲ ಸಮತಟ್ಟಾಗಿದ್ದರೆ ಕೆಲಸ ಸೊನ್ನೆ ಎಂಬ ಇನ್ನೊಂದು ಅರೆತಿಳಿವಳಿಕೆಯೂ ಇದರ ಜೊತೆಗೆ ಬೆಳೆಯುತ್ತದೆ. ಎತ್ತುಗಳು ನೇಗಿಲು ಎಳೆಯುವುದನ್ನು ನೋಡಿದರೆ ಅದು ಬಿದ್ದುಹೋಗುತ್ತದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಸಾಲಿನ ಅಗಲ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಎಕರೆ ಮುಗಿಯುವಷ್ಟರಲ್ಲಿ ಎತ್ತುಗಳು 20 ಕಿಲೋಮೀಟರಿಗೂ ಹೆಚ್ಚು ನಡೆದಿರುತ್ತವೆ. ಎರೆಮಣ್ಣು ನೇಗಿಲನ್ನು 600 ನ್ಯೂಟನ್ ಬಲದಿಂದ ಹಿಂದಕ್ಕೆ ಹಿಡಿಯುತ್ತದೆ ಎಂದುಕೊಂಡರೆ ಒಟ್ಟು ಕೆಲಸ 1 ಕೋಟಿ 20 ಲಕ್ಷ ಜೌಲ್ ದಾಟುತ್ತದೆ. ಹೊಲದಲ್ಲಿ ಯಾವುದೂ ಮೇಲೇರಲಿಲ್ಲ, ಎತ್ತು ಹೊರಟ ಜಾಗಕ್ಕೇ ಬಂದು ನಿಂತಿತು. ಆದರೂ ಇಷ್ಟು ಕೆಲಸವಾಯಿತು, ಏಕೆಂದರೆ ಎಳೆತದ ಬಲ ಚಲನೆಯ ದಿಕ್ಕಿನಲ್ಲೇ ಇತ್ತು. ಆ ಶಕ್ತಿ ಮಣ್ಣನ್ನು ಸೀಳುವುದರಲ್ಲಿ, ಉಜ್ಜುವುದರಲ್ಲಿ ಶಾಖವಾಗಿ ಹೋಯಿತು. ಎತ್ತರವಾಗಲಿ ತಗ್ಗಾಗಲಿ, ಕೇಳಬೇಕಾದ ಪ್ರಶ್ನೆ ಯಾವ ಬಲ, ಯಾವ ವಸ್ತುವಿನ ಮೇಲೆ, ಯಾವ ದಿಕ್ಕಿಗೆ ಎಷ್ಟು ದೂರ ಎಂಬುದೇ.

ಭೌತಶಾಸ್ತ್ರವನ್ನು ಕೂಲಿಯ ಮಾತಿಗೆ ಎಳೆದು ತರುವುದು ಸರಿಯೇ, ಅದು ಶುದ್ಧ ವಿಜ್ಞಾನವಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಈ ಕಲ್ಪನೆ ಹುಟ್ಟಿದ ಬಗೆಯನ್ನು ನೋಡಿದರೆ ಆಕ್ಷೇಪ ನಿಲ್ಲುವುದಿಲ್ಲ. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಕೊಳ್ಳುವವರಿಗೆ ಅದು ಎಷ್ಟು ಕುದುರೆಗಳ ಬದಲು ದುಡಿಯುತ್ತದೆ ಎಂದು ಹೇಳಬೇಕಾಗಿತ್ತು. 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವುದು ಒಂದು ಕುದುರೆಯ ಸಾಮರ್ಥ್ಯ ಎಂದು ಅವನು ಗೊತ್ತುಮಾಡಿದ. ಇಂದು ನಮ್ಮ ಹೊಲದ ಪಂಪಿನ ಮೇಲೆ ಬರೆದಿರುವ ಎಚ್.ಪಿ. ಅದೇ, ಸುಮಾರು 746 ವ್ಯಾಟ್. ಫ್ರಾನ್ಸಿನ ಕೊರಿಯೊಲಿಸ್ 1829ರಲ್ಲಿ ಬಲ ಮತ್ತು ದೂರದ ಗುಣಲಬ್ಧಕ್ಕೆ ಕೆಲಸ ಎಂಬ ಹೆಸರನ್ನೇ ಕೊಟ್ಟದ್ದು ಯಂತ್ರಗಳ ಪರಿಣಾಮವನ್ನು ಲೆಕ್ಕ ಹಾಕುವ ಪುಸ್ತಕದಲ್ಲಿ. ಅವನಿಗಿಂತ ಮೊದಲು, 18ನೇ ಶತಮಾನದ ಕೊನೆಯಲ್ಲಿ, ವಿದ್ಯುದಾವೇಶದ ನಿಯಮದಿಂದ ಹೆಸರಾದ ಕುಲಾಂಬ್ ಮನುಷ್ಯರ ದುಡಿಮೆಯನ್ನೇ ಅಧ್ಯಯನ ಮಾಡಿದ್ದ. ಮೆಟ್ಟಿಲು ಹತ್ತುವವರು, ಹೊರೆ ಹೊರುವವರು, ಕೈಗಾಡಿ ತಳ್ಳುವವರು, ನೆಲ ಅಗೆಯುವವರು ಒಂದು ದಿನಕ್ಕೆ ಎಷ್ಟು ಮಾಡಬಲ್ಲರು ಎಂದು ಅವನು ವಿಚಾರಿಸಿದ. ಹಾಗೆ ವಿಚಾರಿಸುವಾಗ ಅವನು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟ: ಹೊರಗೆ ಕಾಣುವ ಕ್ರಿಯೆ ಒಂದು, ಮಾಡುವವರಿಗಾಗುವ ದಣಿವು ಇನ್ನೊಂದು. ಅದೇ ದಣಿವಿನಲ್ಲಿ ಹೆಚ್ಚು ಕ್ರಿಯೆ ಪಡೆಯುವುದು ಹೇಗೆ ಎಂಬುದು ಅವನ ಪ್ರಶ್ನೆಯಾಗಿತ್ತು. ಇನ್ನೂರು ವರ್ಷಗಳ ಹಿಂದೆಯೇ ಬೇರ್ಪಡಿಸಿದ್ದ ಈ ಎರಡನ್ನು ನಾವು ತರಗತಿಯಲ್ಲಿ ಒಂದಾಗಿಸಿ ಗೊಂದಲ ಮಾಡಿಕೊಂಡಿದ್ದೇವೆ. ದುಡಿಮೆಯ ಲೆಕ್ಕದಿಂದ ಹುಟ್ಟಿದ ಕಲ್ಪನೆಯನ್ನು ದುಡಿಮೆಯ ಲೆಕ್ಕಕ್ಕೆ ಮತ್ತೆ ಹಚ್ಚುವುದರಲ್ಲಿ ಅಪಚಾರವೇನೂ ಇಲ್ಲ.

ನೀರಿನ ಲೆಕ್ಕ ಇದಕ್ಕೆ ಒಳ್ಳೆಯ ಪೀಠಿಕೆ. 12 ಮೀಟರ್ ಆಳದ ಬಾವಿಯಿಂದ 15 ಲೀಟರಿನ ಕೊಡ ಸೇದಿದರೆ 15ನ್ನು 9.8ರಿಂದ, ಅದನ್ನು 12ರಿಂದ ಗುಣಿಸಿ, 1,764 ಜೌಲ್. ಬಾವಿಗೆ ರಾಟೆ ಹಾಕಿದರೆ ಸೇದುವುದು ಹಗುರವೆನಿಸುತ್ತದೆ, ಆದರೆ ಒಂಟಿ ರಾಟೆ ಕೆಲಸವನ್ನು ಒಂದು ಜೌಲ್ ಕೂಡ ಕಡಿಮೆ ಮಾಡುವುದಿಲ್ಲ. ಬಗ್ಗಿ ಮೇಲಕ್ಕೆ ಎಳೆಯುವ ಬದಲು ನಿಂತು ಕೆಳಕ್ಕೆ ಎಳೆಯಲು ಬರುತ್ತದೆ, ಮೈಭಾರ ನೆರವಾಗುತ್ತದೆ, ಅಷ್ಟೇ. ಹಿಂದೆ ಎತ್ತು ಹೂಡಿ ತೊಗಲಿನ ಬಾನೆಯಲ್ಲಿ ನೀರೆತ್ತುವ ಕಪಿಲೆ ಬಾವಿಗಳಲ್ಲಿ ಎತ್ತುಗಳ ದಾರಿಯನ್ನು ಇಳಿಜಾರಾಗಿ ಕಟ್ಟುತ್ತಿದ್ದರು. ಎತ್ತು ಇಳಿಯುವಾಗ ಅದರ ತೂಕವೇ ಹಗ್ಗ ಎಳೆಯಲು ನೆರವಾಗುತ್ತಿತ್ತು. ಆ ನೆರವು ಪುಕ್ಕಟೆಯಾಗಿ ಬಂದದ್ದಲ್ಲ. ಮರಳಿ ಏರಿ ಬರುವಾಗ ಎತ್ತು ತನ್ನ ಮೈಯನ್ನೇ ಮೇಲೆತ್ತಿ ಆ ಸಾಲ ತೀರಿಸುತ್ತಿತ್ತು. ಆದರೆ ಒಮ್ಮೆಲೇ ಬೀಳಬೇಕಾಗಿದ್ದ ಭಾರ ಎರಡು ಕಂತಾಗಿ ಹಂಚಿಹೋಗುತ್ತಿತ್ತು. ಸೂತ್ರ ಬರೆಯದೆಯೇ ಭೌತಶಾಸ್ತ್ರವನ್ನು ಇಷ್ಟು ಚೆನ್ನಾಗಿ ಬಳಸಿದ ರೈತರ ಜಾಣ್ಮೆಯನ್ನು ಪಾಠದಲ್ಲಿ ಹೇಳದಿರುವುದು ನಷ್ಟವೇ ಸರಿ.

ಇಂದಿನ ನೀರಾವರಿಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಜೇವರ್ಗಿಯ ಕಡೆಗೆ ನಾರಾಯಣಪುರ ಎಡದಂಡೆ ಕಾಲುವೆಯ ಶಾಖೆಯಲ್ಲಿ ಬರುವ ಕೃಷ್ಣೆಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ಅದನ್ನು ನೂಕುವ ಕೆಲಸವನ್ನು ಗುರುತ್ವವೇ ಮಾಡುತ್ತದೆ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಕಟ್ಟಿದ್ದರೂ ನೀರು ಹೊಲಕ್ಕಿಂತ ಕೆಳಗಿದೆ. ಅದನ್ನು ಏತದಿಂದ ಎತ್ತಲೇಬೇಕು. 1 ಲಕ್ಷ ಲೀಟರ್ ನೀರನ್ನು 20 ಮೀಟರ್ ಎತ್ತಿದರೆ ಕೆಲಸ 1 ಕೋಟಿ 96 ಲಕ್ಷ ಜೌಲ್. ವಿದ್ಯುತ್ತಿನ ಒಂದು ಯುನಿಟ್ ಎಂದರೆ 36 ಲಕ್ಷ ಜೌಲ್, ಆದ್ದರಿಂದ ಇದು ಐದೂವರೆ ಯುನಿಟ್ಟಿಗೆ ಸಮೀಪ. ಪಂಪು, ಪೈಪು, ಮೋಟಾರುಗಳಲ್ಲಿ ಅರ್ಧ ಸೋರಿಹೋಗುತ್ತದೆ ಎಂದರೆ ಮೀಟರಿನಲ್ಲಿ ತಿರುಗುವುದು ಹನ್ನೊಂದು ಯುನಿಟ್. ವಿದ್ಯುತ್ ಇಲಾಖೆ ಲೆಕ್ಕ ಹಿಡಿಯುವುದು ಯಾವುದಕ್ಕೆ? ನೀರು ಪಡೆದ ಐದೂವರೆಗೆ ಅಲ್ಲ, ಯಂತ್ರ ನುಂಗಿದ ಹನ್ನೊಂದಕ್ಕೆ. ಇದು ಅನ್ಯಾಯವೆಂದು ಯಾರೂ ಹೇಳುವುದಿಲ್ಲ, ಶಕ್ತಿ ಖರ್ಚಾದದ್ದು ನಿಜ. ಯಂತ್ರದ ವಿಷಯದಲ್ಲಿ ಸಲೀಸಾಗಿ ಒಪ್ಪುವ ಈ ನ್ಯಾಯವನ್ನು ಮನುಷ್ಯರ ವಿಷಯದಲ್ಲಿ ಮರೆಯುತ್ತೇವೆ. ಯಂತ್ರಕ್ಕೆ ಉಣ್ಣಿಸಿದ್ದನ್ನು ಲೆಕ್ಕ ಹಿಡಿಯುತ್ತೇವೆ. ಮನುಷ್ಯರಿಂದ ಹೊರಬಂದದ್ದನ್ನು ಮಾತ್ರ.

ಈಗ ಬುಟ್ಟಿಗೆ ಬರೋಣ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 1,600 ಕಿಲೋ ಎಂದು ಹಿಡಿಯಬಹುದು. ಹಸಿಯಾಗಿದ್ದರೆ ಇನ್ನೂ ಹೆಚ್ಚು. ಒಬ್ಬ ಹೆಣ್ಣುಮಗಳು ದಿನಕ್ಕೆ 2 ಘನ ಮೀಟರ್ ಮಣ್ಣನ್ನು ಸರಾಸರಿ ಒಂದೂವರೆ ಮೀಟರ್ ಏರಿಸಿ, 50 ಮೀಟರ್ ದೂರ ಸಾಗಿಸಿದಳು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಪುಸ್ತಕದ ರೀತಿಯಲ್ಲಿ ಮಣ್ಣಿನ ಮೇಲಾದ ಕೆಲಸ 3,200ನ್ನು 9.8ರಿಂದ, ಮತ್ತೆ 1.5ರಿಂದ ಗುಣಿಸಿದಷ್ಟು, ಅಂದರೆ 47,040 ಜೌಲ್. 50 ಮೀಟರ್ ನಡೆದದ್ದಕ್ಕೆ ಸೊನ್ನೆ. ಆಹಾರದ ಅಳತೆಗೆ ಇಳಿಸಿದರೆ, 4,184 ಜೌಲ್‌ಗೆ ಒಂದು ಕಿಲೋಕ್ಯಾಲರಿಯಂತೆ, ಇದು 11 ಕಿಲೋಕ್ಯಾಲರಿ ಚಿಲ್ಲರೆ. ಮೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಅಷ್ಟು ಶಕ್ತಿ ಇದೆ, ಒಂದು ರೊಟ್ಟಿಯ ಅಂಚಿನ ಚೂರು. ದಿನವಿಡೀ ಮಣ್ಣು ಹೊತ್ತವಳಿಗೆ ಒಂದು ಚೂರು ರೊಟ್ಟಿ ಸಾಕು ಎಂದು ಯಾವ ಲೆಕ್ಕ ಹೇಳಿದರೂ ಅದನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಅಂದಾಜಿನಂತೆ 55 ಕಿಲೋ ತೂಕದ ಹೆಣ್ಣುಮಗಳಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 1,660 ಕಿಲೋಕ್ಯಾಲರಿ, ಭಾರಿ ಕೆಲಸವಾದರೆ 2,720 ಬೇಕು. ಅಂತರ 1,060 ಕಿಲೋಕ್ಯಾಲರಿ, ಅಂದರೆ 44 ಲಕ್ಷ ಜೌಲ್. ಒಂದು ಕಡೆ 47 ಸಾವಿರ, ಇನ್ನೊಂದು ಕಡೆ 44 ಲಕ್ಷ. ಈ ಕಂದಕವನ್ನು ಕಂಡಾಗ ಕೆಲವರು ವಿಜ್ಞಾನದ ವ್ಯಾಖ್ಯೆಯೇ ನಿಷ್ಪ್ರಯೋಜಕ ಎಂದು ಕೈಬಿಡುತ್ತಾರೆ. ಹಾಗೆ ಕೈಬಿಡುವ ಅಗತ್ಯವಿಲ್ಲ. ಕಂದಕದ ಬಹುಭಾಗವನ್ನು ಅದೇ ವ್ಯಾಖ್ಯೆಯಿಂದಲೇ ತುಂಬಬಹುದು.

15 ಕಿಲೋದ ಬುಟ್ಟಿಯಾದರೆ 3,200 ಕಿಲೋ ಮಣ್ಣಿಗೆ 213 ಸಲ ಹೋಗಿಬರಬೇಕು. ಹೋಗಲು 50 ಮೀಟರ್, ಬರಲು 50 ಮೀಟರ್, ಒಟ್ಟು 21 ಕಿಲೋಮೀಟರ್. ಆಳಂದದಿಂದ ಕಲಬುರಗಿಗೆ ಹೊರಟರೆ ಅರ್ಧ ದಾರಿ ಮುಗಿದಿರುತ್ತದೆ. ಪ್ರತಿ ಸಲ ಗುಂಡಿಯಿಂದ ಏರುವಾಗ ಮಣ್ಣಿನ ಜೊತೆ ಅವಳ ಮೈಯೂ ಏರುತ್ತದೆ. ಅವಳ ತೂಕ 50 ಕಿಲೋ ಎಂದರೆ ಒಂದೂವರೆ ಮೀಟರಿಗೆ 735 ಜೌಲ್. ಬುಟ್ಟಿಯದು ಬರೀ 220. ಮಣ್ಣಿಗೆ ಒಂದು ಪಾಲು ಕೆಲಸವಾದರೆ ತನ್ನನ್ನು ತಾನು ಎತ್ತಿಕೊಳ್ಳಲು ಮೂರು ಪಾಲಿಗೂ ಹೆಚ್ಚು. 213 ಸಲಕ್ಕೆ ಅದೇ ಒಂದೂವರೆ ಲಕ್ಷ ಜೌಲ್ ದಾಟುತ್ತದೆ. ಇನ್ನು ನಡಿಗೆ. ನಾವು ನಡೆಯುವಾಗ ಮೈ ಒಂದೇ ಮಟ್ಟದಲ್ಲಿ ಜಾರಿಕೊಂಡು ಹೋಗುವುದಿಲ್ಲ. ಪ್ರತಿ ಹೆಜ್ಜೆಗೂ ಮೂರು ನಾಲ್ಕು ಸೆಂಟಿಮೀಟರ್ ಮೇಲೆದ್ದು ಇಳಿಯುತ್ತದೆ. ಹೆಜ್ಜೆ 60 ಸೆಂಟಿಮೀಟರ್ ಎಂದರೆ 50 ಮೀಟರಿಗೆ 83 ಹೆಜ್ಜೆ. ಮೂರೇ ಸೆಂಟಿಮೀಟರ್ ಏರಿಳಿತ ಹಿಡಿದರೂ ಹೊರೆಯೊಂದಿಗೆ ಹೋಗುವಾಗ ಸುಮಾರು 1,590 ಜೌಲ್, ಖಾಲಿ ಬುಟ್ಟಿಯಲ್ಲಿ ಬರುವಾಗ 1,220. ದಿನಕ್ಕೆ ಸುಮಾರು 6 ಲಕ್ಷ ಜೌಲ್. ಗಡಿಯಾರದ ಲೋಲಕದಂತೆ ಕಾಲುಗಳು ಈ ಏರಿಳಿತದ ಶಕ್ತಿಯಲ್ಲಿ ಒಂದು ಪಾಲನ್ನು ಮರಳಿ ಪಡೆಯುತ್ತವೆ. ನೂರರಲ್ಲಿ ಅರವತ್ತು ಮರಳಿತು ಎಂದು ಉದಾರವಾಗಿ ಹಿಡಿದರೂ ಸ್ನಾಯುಗಳು ಹೊಸದಾಗಿ ಕೊಡಬೇಕಾದದ್ದು 2 ಲಕ್ಷ 40 ಸಾವಿರ. ಸಮತಟ್ಟಾದ ನೆಲದ ಮೇಲಿನ ಸೊನ್ನೆ ಎಂದು ಪಾಠದಲ್ಲಿ ಓದಿದ್ದು ಇದನ್ನೇ. ಮಣ್ಣು ಏರಿಸಿದ 47 ಸಾವಿರಕ್ಕೆ ಇದು ಐದು ಪಟ್ಟು.

ಎಲ್ಲವನ್ನೂ ಕೂಡಿದರೆ ನಾಲ್ಕೂವರೆ ಲಕ್ಷ ಜೌಲ್ ಸಮೀಪಿಸುತ್ತದೆ. ಸ್ನಾಯು ತಾನು ಉರಿಸಿದ ಆಹಾರಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲನ್ನು ಮಾತ್ರ ಕೆಲಸವಾಗಿಸುತ್ತದೆ, ಉಳಿದದ್ದು ಶಾಖ. ಆದ್ದರಿಂದ ಒಳಗೆ ಉರಿದದ್ದು 18ರಿಂದ 22 ಲಕ್ಷ. 44 ಲಕ್ಷದ ಅರ್ಧದಷ್ಟನ್ನು ಆಗಲೇ ಮುಟ್ಟಿದೆವು. ಇಲ್ಲಿ ಇನ್ನೂ ಸೇರಿಸದೇ ಇರುವುದು ಬಹಳ. ನೆಲದ ಮೇಲಿನ ಬುಟ್ಟಿಯನ್ನು ತಲೆಗೇರಿಸುವುದೇ ಮತ್ತೊಂದು ಒಂದೂವರೆ ಮೀಟರಿನ ಎತ್ತುವಿಕೆ. ಬುಟ್ಟಿ ಸುರಿಯಲು ಬಗ್ಗುವುದು, ಗುಂಡಿಗೆ ಇಳಿಯುವಾಗ ಮೈ ಜಾರದಂತೆ ಹಿಡಿಯುವುದು, ಕತ್ತನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದು ಎಲ್ಲವೂ ಸ್ನಾಯುವಿನ ಖರ್ಚು. ಅಲುಗಾಡದೆ ಭಾರ ಹಿಡಿದು ನಿಂತಾಗಲೂ ಸ್ನಾಯುವಿನ ಎಳೆಗಳೊಳಗಿನ ಸೂಕ್ಷ್ಮ ಪ್ರೋಟೀನುಗಳು ಒಂದನ್ನೊಂದು ಹಿಡಿದು ಎಳೆದು ಬಿಡುತ್ತ ಇರುತ್ತವೆ, ಪ್ರತಿ ಎಳೆತಕ್ಕೂ ಆಹಾರದ ಶಕ್ತಿ ವ್ಯಯವಾಗುತ್ತದೆ. ಮೊಳೆಗೆ ನೇತುಹಾಕಿದ ಚೀಲಕ್ಕೆ ಮೊಳೆ ಏನನ್ನೂ ಖರ್ಚು ಮಾಡುವುದಿಲ್ಲ. ಅದೇ ಚೀಲ ಹಿಡಿದ ತೋಳು ಖರ್ಚು ಮಾಡುತ್ತದೆ. ಹೊರಗಿನ ಕಣ್ಣಿಗೆ ಎರಡೂ ಒಂದೇ ಸೊನ್ನೆ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಸಾಕ್ಷ್ಯ ಇದೆ, ಅದನ್ನು ಮರೆಮಾಚಬಾರದು. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಹೆಣ್ಣುಮಕ್ಕಳನ್ನು ಪರೀಕ್ಷಿಸಿತು. ತಮ್ಮ ತೂಕದ ನೂರಕ್ಕೆ ಇಪ್ಪತ್ತರಷ್ಟು ಹೊರೆಯವರೆಗೆ ಅವರು ಬರಿಗೈಯಲ್ಲಿ ನಡೆಯುವಾಗಿನದಕ್ಕಿಂತ ಹೆಚ್ಚು ಶಕ್ತಿ ಖರ್ಚು ಮಾಡುತ್ತಿರಲಿಲ್ಲ. ಹಾಗಾದರೆ ತಲೆಹೊರೆಗೆ ಖರ್ಚೇ ಇಲ್ಲವೆಂದಾಯಿತಲ್ಲ ಎಂದು ಕೇಳಬಹುದು. ಹಾಗಲ್ಲ. ಬಾಲ್ಯದಿಂದ ರೂಢಿಯಾದ ನಡಿಗೆಯ ಕೌಶಲದಿಂದ ಏರಿಳಿತದ ಶಕ್ತಿಯನ್ನು ಅವರು ಇತರರಿಗಿಂತ ಹೆಚ್ಚಾಗಿ ಮರಳಿ ಪಡೆಯುತ್ತಿದ್ದರು. 50 ಕಿಲೋ ತೂಕದವರಿಗೆ ನೂರಕ್ಕೆ ಇಪ್ಪತ್ತು ಎಂದರೆ 10 ಕಿಲೋ. ನಮ್ಮ ಬುಟ್ಟಿ ಅದನ್ನು ಮೀರಿದ್ದು, ಮೀರಿದ ಭಾರಕ್ಕೆ ಖರ್ಚು ಏರುತ್ತಲೇ ಹೋಗುತ್ತದೆ. ಅಲ್ಲದೆ ಆ ಪರೀಕ್ಷೆ ಸಮತಟ್ಟಿನ ನಡಿಗೆಯದು, ಗುಂಡಿ ಏರುವುದರದಲ್ಲ. ಆ ಅಧ್ಯಯನದಿಂದ ನಾನು ತೆಗೆದುಕೊಳ್ಳುವ ಪಾಠ ಬೇರೆ: ಹೊರೆ ಹೊರುವುದು ಕೌಶಲದ ಕೆಲಸ. ಸರ್ಕಾರದ ಪಟ್ಟಿಯಲ್ಲಿ ಮಣ್ಣು ಹೊರುವವರನ್ನು ಕೌಶಲರಹಿತ ಕಾರ್ಮಿಕರೆಂದು ಬರೆಯುವ ನಾವು ಈ ಮಾತನ್ನು ನೆನಪಿಡಬೇಕು.

ಕೂಲಿಯ ಅಳತೆ ಹೇಗೆ ನಡೆಯುತ್ತದೆ? 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿ 2ರಿಂದ ಜಾರಿಗೆ ಬಂದಾಗ ಮೊದಲ ಹಂತದ 200 ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗವೂ ಒಂದು. ಆ ಯೋಜನೆಯ ಮಣ್ಣಿನ ಕೆಲಸದಲ್ಲಿ ಗುಂಡಿಯ ಉದ್ದ, ಅಗಲ, ಆಳ ಅಳೆದು ಘನ ಮೀಟರ್ ಲೆಕ್ಕವನ್ನು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದರು. ದರಪಟ್ಟಿಯಲ್ಲಿ ಮಣ್ಣಿನ ಜಾತಿಗೆ ತಕ್ಕಂತೆ ದರ ಬೇರೆ. ಜೊತೆಗೆ ಲೀಡ್ ಮತ್ತು ಲಿಫ್ಟ್ ಎಂಬ ಎರಡು ಅಳತೆಗಳುಂಟು. ಲೀಡ್ ಎಂದರೆ ಸಾಗಿಸಿದ ದೂರ, ಲಿಫ್ಟ್ ಎಂದರೆ ಏರಿಸಿದ ಎತ್ತರ. 50 ಮೀಟರ್ ಲೀಡ್, ಒಂದೂವರೆ ಮೀಟರ್ ಲಿಫ್ಟ್ ಮೂಲದರದಲ್ಲೇ ಸೇರಿರುವುದು ಲೋಕೋಪಯೋಗಿ ದರಪಟ್ಟಿಗಳ ವಾಡಿಕೆ. ಅದನ್ನು ಮೀರಿದರೆ ಹೆಚ್ಚಿನ ದರ. ಶಾಲೆಯ ಸೂತ್ರ ಸೊನ್ನೆ ಎಂದ ನಡಿಗೆಗೆ ಎಂಜಿನಿಯರರ ಪುಸ್ತಕ ಬೆಲೆ ಕಟ್ಟಿದೆ ಎಂಬುದನ್ನು ಮೆಚ್ಚಲೇಬೇಕು. ಕೊರತೆ ಇರುವುದು ಪಟ್ಟಿಯ ಒಳಗೆ. ಹೊಂಡದ ದಂಡೆಯಲ್ಲೇ, 10 ಮೀಟರಿನಲ್ಲಿ ಮಣ್ಣು ಸುರಿದರೂ ಅದೇ ಕೂಲಿ, 50 ಮೀಟರ್ ಆಚೆ ಸುರಿದರೂ ಅದೇ ಕೂಲಿ. ಮೊದಲಿನವಳು 213 ಸಲಕ್ಕೆ ನಡೆದದ್ದು ನಾಲ್ಕೂಕಾಲು ಕಿಲೋಮೀಟರ್, ಎರಡನೆಯವಳು 21. ಎಂ.ಬಿ.ಯಲ್ಲಿ ಇಬ್ಬರದೂ 2 ಘನ ಮೀಟರ್. ನಡಿಗೆಯ ಪಾಲು ಎಷ್ಟು ದೊಡ್ಡದೆಂದು ಈಗಷ್ಟೇ ಕಂಡೆವು. ಆ ಪಾಲು ಪೂರ್ತಿಯಾಗಿ ಮುಚ್ಚಿಹೋಗುವುದು ಈ 50 ಮೀಟರಿನೊಳಗೆ.

ಆಳದ ವಿಷಯವೂ ಹೀಗೇ. ಹೊಂಡದ ಮೊದಲ ಮೀಟರಿನ ಮಣ್ಣು ಸರಾಸರಿ ಅರ್ಧ ಮೀಟರ್ ಏರಿದರೆ ಸಾಕು. ಮೂರನೇ ಮೀಟರಿನ ಮಣ್ಣು ಸರಾಸರಿ ಎರಡೂವರೆ ಮೀಟರ್ ಏರಬೇಕು, ಐದು ಪಟ್ಟು. ನೇರ ಗೋಡೆಯ ಗುಂಡಿಯನ್ನು ಎರಡರಷ್ಟು ಆಳ ಮಾಡಿದರೆ ಮಣ್ಣು ಎರಡರಷ್ಟಾಗುತ್ತದೆ, ಮಣ್ಣೆತ್ತುವ ಕೆಲಸ ನಾಲ್ಕರಷ್ಟಾಗುತ್ತದೆ. ಒಂದೂವರೆ ಮೀಟರಿನ ಮೆಟ್ಟಿಲಿನಂತೆ ದರ ಏರಿಸಿದರೆ ಈ ಏರಿಕೆ ಸರಿಯಾಗಿ ಹಿಡಿಯುವುದಿಲ್ಲ. ಹೊಂಡದ ತಳಕ್ಕೆ ಇಳಿದಷ್ಟೂ ಜನ ಬೇಗ ದಣಿಯುತ್ತಾರೆ, ದಿನದ ಅಳತೆ ತುಂಬುವುದಿಲ್ಲ, ಆಗ ಕೆಲಸ ಸರಿಯಾಗಿ ಮಾಡಲಿಲ್ಲ ಎಂಬ ಮಾತು ಕೇಳಬೇಕಾಗುತ್ತದೆ. ಎರೆಮಣ್ಣಿನದು ಬೇರೆಯೇ ಕಥೆ. ಬೇಸಿಗೆಯಲ್ಲಿ ಅದು ಬಿರುಕುಬಿಟ್ಟು ಹೆಂಟೆ ಕಲ್ಲಾಗಿರುತ್ತದೆ, ಮಳೆ ಬಿದ್ದರೆ ಸಲಿಕೆಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅಗೆಯುವಾಗಿನ ಕೆಲಸವನ್ನು ತೂಕ ಮತ್ತು ಎತ್ತರದಿಂದ ಲೆಕ್ಕ ಹಾಕಲಾಗದು. ಗುದ್ದಲಿಯ ಬಾಯಿ ಎಷ್ಟು ಬಲಕ್ಕೆ ಎಷ್ಟು ಇಳಿಯಿತು ಎಂದು ಅಳೆಯಬೇಕು. ಅದೇ ನೆಲ ಮೇ ತಿಂಗಳಲ್ಲೂ ಆಗಸ್ಟಿನಲ್ಲೂ ಒಂದೇ ಜಾತಿಯದೆಂದು ಬರೆಯುವ ಪಟ್ಟಿ ಭೌತಶಾಸ್ತ್ರಕ್ಕೆ ವಿರುದ್ಧವಾದದ್ದು.

ಶ್ರಮಕ್ಕೆ ತಕ್ಕ ಕೂಲಿ ಎಂದರೆ ಸೋಮಾರಿಗಳಿಗೆ ದಾರಿ ಮಾಡಿಕೊಟ್ಟಂತೆ, ಫಲವನ್ನೇ ಅಳೆಯಬೇಕು ಎಂಬ ಆಕ್ಷೇಪ ಬಲವಾಗಿಯೇ ಕೇಳಿಬರುತ್ತದೆ. ಅದರಲ್ಲಿ ಒಂದು ನ್ಯಾಯವಿದೆ: ಸಾರ್ವಜನಿಕ ಹಣದಿಂದ ಹೊಂಡ ಆಗಬೇಕು, ಬೆವರು ಹರಿದರೆ ಸಾಲದು. ಆದರೆ ನಾನು ಹೇಳುತ್ತಿರುವುದು ಅಳತೆ ಬಿಡಬೇಕು ಎಂದಲ್ಲ, ಅಳತೆ ಪೂರ್ತಿಯಾಗಬೇಕು ಎಂದು. ಆಳ, ದೂರ, ನೆಲದ ಗಟ್ಟಿತನ, ಮೂರನ್ನೂ ಟೇಪು ಹಿಡಿದು, ಗುದ್ದಲಿ ಹಾಕಿ ನೋಡಬಹುದು. ಯಾರ ಬಾಯಿಮಾತನ್ನೂ ನಂಬಬೇಕಾಗಿಲ್ಲ. ಆ ಕಾಯ್ದೆಯ ಅನುಸೂಚಿಯೇ ಈ ದಾರಿಯಲ್ಲಿ ನಡೆದಿತ್ತು. ಒಂದು ಗಂಟೆ ವಿಶ್ರಾಂತಿ ಸೇರಿ ಎಂಟು ಗಂಟೆ ದುಡಿದ ವಯಸ್ಕರಿಗೆ ನಿಗದಿಯಾದ ಪೂರ್ತಿ ಕೂಲಿ ಸಿಗುವಂತೆ ದರ ಗೊತ್ತುಮಾಡಬೇಕು, ಅದಕ್ಕೆ ಕಾಲ ಮತ್ತು ಚಲನೆಯ ಅಧ್ಯಯನ ನಡೆಸಬೇಕು, ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ, ಅಂಗವಿಕಲರಿಗೆ ಪ್ರತ್ಯೇಕ ದರಪಟ್ಟಿ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಟ್ಟದ್ದೂ ಇದೇ ತಿಳಿವಳಿಕೆಯಿಂದ: ಮಣ್ಣಿನ ತೂಕ ಬೇಸಿಗೆಯಲ್ಲಿ ಬದಲಾಗುವುದಿಲ್ಲ, ಹೊರುವ ಮೈಯ ಸ್ಥಿತಿ ಬದಲಾಗುತ್ತದೆ. ಸ್ನಾಯು ಹೊರಹಾಕುವ ನಾಲ್ಕರಲ್ಲಿ ಮೂರು ಪಾಲು ಶಾಖ ಎಂಬುದನ್ನು ನೆನೆದರೆ, 40 ಡಿಗ್ರಿ ದಾಟಿದ ಗಾಳಿಯಲ್ಲಿ ಆ ಶಾಖ ಬೆವರಿನಿಂದಲ್ಲದೆ ಹೊರಹೋಗುವ ದಾರಿಯೇ ಇರುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಲು ಹಳ್ಳಿಯಲ್ಲಿ ಯಾರಿಗೆ ಬಿಡುವಿದೆ ಎಂಬುದು ಕೊನೆಯ ಆಕ್ಷೇಪ. ಗುಣಾಕಾರ ಬಂದರೆ ಸಾಕು ಎಂಬುದನ್ನು ಈವರೆಗಿನ ಲೆಕ್ಕಗಳೇ ತೋರಿಸಿವೆ. ಪ್ರೌಢಶಾಲೆಯ ಮಕ್ಕಳು ಒಂದು ತಕ್ಕಡಿ, ಒಂದು ಟೇಪು, ಒಂದು ಗಡಿಯಾರ ಹಿಡಿದು ಊರಿನ ಹೊಂಡದ ಬಳಿ ಅರ್ಧ ದಿನ ನಿಂತರೆ ಬುಟ್ಟಿಯ ತೂಕ, ಗುಂಡಿಯ ಆಳ, ಸುರಿಯುವ ಜಾಗದ ದೂರ, ಗಂಟೆಗೆ ಎಷ್ಟು ಸಲ ಹೋಗಿಬಂದರು ಎಂಬ ನಾಲ್ಕು ಅಂಕಿ ಸಿಗುತ್ತವೆ. ಪಠ್ಯದಲ್ಲಿ ಗೋಡೆ ನೂಕುವ ಹುಡುಗನ ಚಿತ್ರಕ್ಕಿಂತ ಆ ನಾಲ್ಕು ಅಂಕಿಗಳಿಂದ ಕೆಲಸ, ಶಕ್ತಿ, ಸಾಮರ್ಥ್ಯ, ದಕ್ಷತೆ ನಾಲ್ಕೂ ಹೆಚ್ಚು ಚೆನ್ನಾಗಿ ತಲೆಗೆ ಹೋಗುತ್ತವೆ. ಅದೇ ಅಂಕಿಗಳನ್ನು ಗ್ರಾಮಸಭೆಯ ಮುಂದೆ ಇಟ್ಟರೆ ಎಂ.ಬಿ. ಬರೆಯುವವರೂ ದುಡಿದವರೂ ಒಂದೇ ಕಾಗದ ನೋಡಿ ಮಾತಾಡಬಹುದು. ಮಣ್ಣನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಮೊದಲೇ ಗುರುತು ಹಾಕಿ ಆ ದೂರವನ್ನು 50ರಿಂದ 20 ಮೀಟರಿಗೆ ಇಳಿಸಿದರೆ, ಅದೇ ಹೊಂಡ, ಅದೇ ಕೂಲಿ, ದಿನಕ್ಕೆ ಹನ್ನೆರಡು ಕಿಲೋಮೀಟರಿಗೂ ಹೆಚ್ಚು ನಡಿಗೆ ಉಳಿಯುತ್ತದೆ. ಇದಕ್ಕೆ ಹೊಸ ಆದೇಶ ಬೇಕಿಲ್ಲ. ಗುಂಡಿ ಗುರುತಿಸುವ ದಿನ ಸುಣ್ಣದ ಗೆರೆಯನ್ನು ಮೂವತ್ತು ಮೀಟರ್ ಹತ್ತಿರಕ್ಕೆ ಎಳೆದರೆ ಆಯಿತು.